ನಾಲ್ಕೂವರೆ ತಿಂಗಳ ಬಸುರಿ, ದಿನಕ್ಕೆ ಇನ್ನೂ ಎರಡು ಸಿಗರೇಟು: ಪೂರ್ತಿ ಬಿಡುವುದು ಹೇಗೆ, ಹೆರಿಗೆಯ ಮೇಲೆ ಮತ್ತೆ ಹಿಡಿಯದಿರುವುದು ಹೇಗೆ?

ಕಾಫಿಹೂವು, ಮೂಡಿಗೆರೆ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಹೆಸರು ಹೇಳಿಕೊಂಡು ಕೇಳುವ ಧೈರ್ಯ ಇಲ್ಲದ ಕಾರಣ ಈ ಪ್ರಶ್ನೆಗಾಗಿಯೇ ಹೊಸ ಖಾತೆ ತೆರೆದಿದ್ದೇನೆ.

ನನಗೆ 29 ವರ್ಷ. ಬೆಂಗಳೂರಿನಲ್ಲಿ ರಾತ್ರಿ ಪಾಳಿಯ ಕೆಲಸದಲ್ಲಿದ್ದಾಗ ಸಿಗರೇಟು ಅಂಟಿಕೊಂಡಿತು, ಕೆಲವು ವರ್ಷಗಳಲ್ಲಿ ಅದು ದಿನಕ್ಕೆ ಎಂಟು ಹತ್ತರವರೆಗೆ ಹೋಗಿತ್ತು. ಮದುವೆಯಾದ ಮೇಲೆ ಮನೆಯಿಂದಲೇ ಕೆಲಸ ಮಾಡುತ್ತಾ ಇಲ್ಲಿ ಅತ್ತೆಮನೆಯ ತೋಟದಲ್ಲಿದ್ದೇನೆ. ಬಸುರಿ ಎಂದು ತಿಳಿದ ವಾರದಲ್ಲೇ ಎರಡಕ್ಕೆ ಇಳಿಸಿದೆ. ಬೆಳಗಿನ ಕಾಫಿಯಾದ ಮೇಲೆ ಒಂದು, ರಾತ್ರಿ ಊಟ ಮುಗಿಸಿ ಕಣದ ಕಡೆ ನಡೆದಾಡಿ ಬರುತ್ತೇನೆಂಬ ನೆಪದಲ್ಲಿ ಇನ್ನೊಂದು. ಈ ಎರಡನ್ನು ಬಿಡಲು ಮೂರು ಸಲ ಪ್ರಯತ್ನಿಸಿ ಮೂರು ಸಲವೂ ಎರಡನೆಯ ದಿನಕ್ಕೆ ಸೋತಿದ್ದೇನೆ. ಯಜಮಾನರಿಗೆ ವಿಷಯ ಗೊತ್ತು, ಅವರೂ ಸೇದುತ್ತಾರೆ, ದಿನಕ್ಕೆ ಎರಡರಿಂದ ಏನೂ ಆಗುವುದಿಲ್ಲ ಎನ್ನುತ್ತಾರೆ. ಅತ್ತೆಗಾಗಲಿ ನನ್ನ ತಾಯಿಗಾಗಲಿ ಗೊತ್ತಿಲ್ಲ.

ತಪಾಸಣೆಗೆ ಹೋದಾಗ ವೈದ್ಯರಿಗೆ ಹೇಳಬೇಕೆಂದೇ ಹೋಗಿದ್ದೆ. ಅವರು ಅತ್ತೆಯ ಎದುರಿನಲ್ಲೇ, ತಲೆ ಎತ್ತದೆ, "ತಂಬಾಕು ಗಿಂಬಾಕು ಏನೂ ಅಭ್ಯಾಸ ಇಲ್ಲವಲ್ಲ?" ಎಂದು ಕೇಳಿ ನಾನು ಬಾಯಿ ತೆರೆಯುವ ಮೊದಲೇ ಮುಂದಿನ ಸಾಲಿಗೆ ಹೋದರು. ಹಾಗೆ ಕೇಳಿದ ಪ್ರಶ್ನೆಗೆ ಇಲ್ಲ ಎಂಬುದಲ್ಲದೆ ಬೇರೆ ಉತ್ತರ ಎಲ್ಲಿಂದ ಬರಬೇಕು?

ನನ್ನ ಅನುಮಾನಗಳು ಇವು. ಇಷ್ಟು ವರ್ಷದ ಅಭ್ಯಾಸವನ್ನು ಒಮ್ಮೆಲೇ ನಿಲ್ಲಿಸಿದರೆ ಹೊಟ್ಟೆಯಲ್ಲಿರುವ ಮಗುವಿಗೆ ಆಘಾತವಾಗುತ್ತದೆ ಎಂದು ಗೆಳತಿಯೊಬ್ಬಳು ಹೇಳುತ್ತಾಳೆ, ಅದು ನಿಜವೇ? ನಿಕೋಟಿನ್ ಗಮ್ ಬಸುರಿಯರು ಅಗಿಯಬಹುದೇ? ತೋಟದ ಕೂಲಿಕಾರರ ಲೈನ್ ಮನೆಯ ಹಿರಿಯಾಕೆಯೊಬ್ಬರು ನನ್ನ ಗುಟ್ಟನ್ನು ಹೇಗೋ ಅರಿತು, ಹೊಗೆ ಬೇಡ, ಎಲೆ ಅಡಿಕೆಯ ಜೊತೆಗೆ ಚಿಟಿಕೆ ಕಡ್ಡಿಪುಡಿ ಇಟ್ಟುಕೋ ಎಂದರು. ಅದು ಸಿಗರೇಟಿಗಿಂತ ವಾಸಿಯೇ? ಬಸುರಿನಲ್ಲಿ ಬಿಟ್ಟ ನನ್ನ ಹಳೆಯ ಸಹೋದ್ಯೋಗಿಗಳಿಬ್ಬರು ಮಗು ಹುಟ್ಟಿದ ಕೆಲವೇ ತಿಂಗಳಲ್ಲಿ ಮತ್ತೆ ಶುರು ಮಾಡಿದ್ದನ್ನೂ ಕಂಡಿದ್ದೇನೆ. ಹೀಗೇಕಾಗುತ್ತದೆ?

ಆಪ್ತಸಮಾಲೋಚಕಿ, ಹಾಸನ

ತಂಬಾಕು ಬಿಡಿಸುವ ಕೆಲಸದಲ್ಲಿ ಹಲವು ವರ್ಷಗಳಿಂದ ಇದ್ದೇನೆ. ನನ್ನ ಬಳಿಗೆ ಬರುವವರಲ್ಲಿ ಗಂಡಸರೇ ಹೆಚ್ಚು. ಹೆಂಗಸರು ಬಂದರೆ ಅಕ್ಕನಿಗಾಗಿ, ಗೆಳತಿಗಾಗಿ ಕೇಳುವವರಂತೆ ಬಂದು, ಮೂರನೆಯ ಭೇಟಿಯಲ್ಲಿ ಅದು ತಾವೇ ಎಂದು ಹೇಳುತ್ತಾರೆ. ನೀವು ಮೊದಲ ಸಾಲಿನಲ್ಲೇ ಹೇಳಿದ್ದೀರಿ.

ಆಘಾತದ ಮಾತನ್ನು ಮನಸ್ಸಿನಿಂದ ತೆಗೆದುಹಾಕಿ. ಒಮ್ಮೆಲೇ ನಿಲ್ಲಿಸುವುದರಿಂದ ಸಿಡಿಮಿಡಿ, ತಲೆನೋವು, ನಿದ್ದೆಗೇಡು, ಕೆಲವರಿಗೆ ಮಲಬದ್ಧತೆ ಆಗುತ್ತವೆ, ಆದರೆ ಅವೆಲ್ಲ ನಿಮ್ಮ ಪಾಲಿನವು. ಮಗುವಿಗೆ ಅದರಿಂದ ಕೇಡಿಲ್ಲ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ರಕ್ತದ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುವುದರಿಂದ, ನೀವು ಸೇದಿದಾಗಲೆಲ್ಲ ಮಾಸಿನ ಮೂಲಕ ಮಗುವಿಗೆ ಸೇರಬೇಕಾದ ಆಮ್ಲಜನಕ ಕಡಿಮೆಯಾಗುತ್ತದೆ, ಅದರ ಮೇಲೆ ನಿಕೋಟಿನ್ ರಕ್ತನಾಳಗಳನ್ನು ಕಿರಿದಾಗಿಸುತ್ತದೆ. ಕೊನೆಯ ಸಿಗರೇಟಿನ ನಂತರ ಒಂದೆರಡು ದಿನಗಳಲ್ಲಿ ಆ ಅನಿಲ ರಕ್ತದಿಂದ ಹೊರಹೋಗುತ್ತದೆ. ಬಿಟ್ಟ ಲಾಭ ಮಗುವಿಗೆ ಆ ವಾರದಲ್ಲೇ ಸಿಗತೊಡಗುತ್ತದೆ.

ಇನ್ನು ನಿಮ್ಮ ಯಜಮಾನರ ಮಾತು. ಸೇದುವ ತಾಯಂದಿರ ಮಕ್ಕಳು ಹುಟ್ಟುವಾಗ ಸರಾಸರಿ 200 ಗ್ರಾಂ ಆಸುಪಾಸು ಕಡಿಮೆ ತೂಗುತ್ತವೆ. ದಿನ ತುಂಬುವ ಮೊದಲೇ ಹೆರಿಗೆಯಾಗುವುದು, ಮಾಸು ಮುಂಚೆಯೇ ಕಳಚಿಕೊಳ್ಳುವುದು, ಹೊಟ್ಟೆಯಲ್ಲೇ ಮಗು ತೀರಿಕೊಳ್ಳುವುದು ಇವುಗಳ ಸಾಧ್ಯತೆಯೂ ಅವರಲ್ಲಿ ಹೆಚ್ಚು. ಎಂಟರಿಂದ ಎರಡಕ್ಕೆ ಇಳಿಸಿದ್ದು ಸಣ್ಣ ಕೆಲಸವಲ್ಲ, ಆದರೆ ಸಂಖ್ಯೆ ಇಳಿದಷ್ಟು ವಿಷ ಇಳಿಯುವುದಿಲ್ಲ, ಏಕೆಂದರೆ ಉಳಿದ ಸಿಗರೇಟನ್ನು ನಮಗೇ ತಿಳಿಯದಂತೆ ಹೆಚ್ಚು ಆಳವಾಗಿ ಎಳೆದು ಹೆಚ್ಚು ಹೊತ್ತು ಒಳಗೆ ಹಿಡಿದಿರುತ್ತೇವೆ. ಚಿಕ್ಕ ಮಗುವಾದರೆ ಹೆರಿಗೆ ಸಲೀಸು ಎಂದು ಸಮಾಧಾನ ಹೇಳುವವರೂ ಇದ್ದಾರೆ. ಅಂಥವರನ್ನು ಒಮ್ಮೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದ ಬಾಗಿಲಲ್ಲಿ ನಿಲ್ಲಿಸಬೇಕು ಎನ್ನಿಸುತ್ತದೆ. ಮೊದಲ 15 ವಾರಗಳೊಳಗೆ ಬಿಟ್ಟವರ ಹೆರಿಗೆಗಳು ಎಂದೂ ಸೇದದವರ ಹೆರಿಗೆಗಳಿಗೆ ಬಹುಮಟ್ಟಿಗೆ ಸಮನಾಗಿರುವುದು ಅಧ್ಯಯನಗಳಲ್ಲಿ ಕಂಡುಬಂದಿದೆ. ನೀವು ಆ ಗಡಿಯನ್ನು ಸ್ವಲ್ಪ ದಾಟಿದ್ದೀರಿ, ಆದರೆ ಮಗು ತೂಕ ಕಟ್ಟಿಕೊಳ್ಳುವುದು ಬಹುಪಾಲು ಕೊನೆಯ ಮೂರು ತಿಂಗಳಲ್ಲಾದ್ದರಿಂದ ಈಗ ಬಿಟ್ಟರೂ ಬಹಳ ಲಾಭವಿದೆ.

ಮೂರು ಸಲ ಸೋತೆ ಎಂದಿದ್ದೀರಿ. ಬಸುರಿನಲ್ಲಿ ಯಕೃತ್ತು ನಿಕೋಟಿನನ್ನು ಬಹಳ ಬೇಗ ಒಡೆದುಹಾಕುತ್ತದೆ. ನಿಕೋಟಿನ್ ಒಡೆದು ಉಳಿಯುವ ಕೋಟಿನಿನ್ ಎಂಬ ವಸ್ತು ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಉಳಿದ ಸಮಯದಲ್ಲಿ ಸುಮಾರು 17 ಗಂಟೆ ಬೇಕಾದರೆ, ಬಸುರಿಯಲ್ಲಿ ಸುಮಾರು 9 ಗಂಟೆ ಸಾಕು. ಹೀಗಾಗಿ ಚಡಪಡಿಕೆ ಬೇಗ ಬರುತ್ತದೆ, ಜೋರಾಗಿ ಬರುತ್ತದೆ, ಎರಡನೆಯ ಮೂರನೆಯ ದಿನಕ್ಕೆ ತಾರಕಕ್ಕೇರುತ್ತದೆ. ನೀವು ಪ್ರತಿ ಸಲವೂ ಅದರ ನೆತ್ತಿಯಲ್ಲಿ ಸೋತಿದ್ದೀರಿ. ನಾಲ್ಕನೆಯ ದಿನ ಮುಟ್ಟಿದರೆ ಇಳಿಜಾರು. ಒಂದೊಂದು ಸೆಳೆತವೂ ಐದು ನಿಮಿಷ, ಹೆಚ್ಚೆಂದರೆ ಹತ್ತು ನಿಮಿಷ ಇರುತ್ತದೆ. ಆ ಹೊತ್ತನ್ನು ಎಲ್ಲಿ ಯಾರ ಜೊತೆ ಕಳೆಯಬೇಕೆಂದು ಮೊದಲೇ ಗೊತ್ತುಮಾಡಿಕೊಂಡಿರಬೇಕು. ರಾತ್ರಿ ಕಣದ ಕಡೆ ಒಬ್ಬರೇ ಹೋಗುವುದನ್ನು ಮೂರು ವಾರ ನಿಲ್ಲಿಸಿ.

ಬೆಳಗಿನ ಕಾಫಿಯ ವಿಷಯ ನಿಮ್ಮ ಊರಿನವರಿಗೆ ವಿಶೇಷವಾಗಿ ಹೇಳಬೇಕು. ತಂಬಾಕಿನ ಹೊಗೆಯಲ್ಲಿರುವ ಕೆಲವು ವಸ್ತುಗಳು ಕೆಫೀನನ್ನು ದೇಹದಿಂದ ಬೇಗ ಹೊರಹಾಕಿಸುತ್ತವೆ. ಸೇದುವುದನ್ನು ಬಿಟ್ಟೊಡನೆ ಅಷ್ಟೇ ಕಾಫಿ ಹೆಚ್ಚು ಹೊತ್ತು ರಕ್ತದಲ್ಲಿ ಉಳಿಯುತ್ತದೆ, ಬಸುರಿನಲ್ಲಂತೂ ಅದು ಕರಗುವುದು ಮೊದಲೇ ನಿಧಾನ. ಎದೆ ಬಡಿತ, ನಿದ್ದೆ ಬಾರದಿರುವುದು, ಕೈ ನಡುಕ ಇವನ್ನೆಲ್ಲ ಸಿಗರೇಟು ಬಿಟ್ಟ ಸಂಕಟವೆಂದು ತಿಳಿದು ಮತ್ತೆ ಸಿಗರೇಟಿಗೆ ಹೋದವರು ನನಗೆ ಗೊತ್ತು. ಬಿಡುವ ದಿನದಿಂದಲೇ ಕಾಫಿಯನ್ನು ಅರ್ಧಕ್ಕೆ ಇಳಿಸಿ. ಬಸುರಿಯರಿಗೆ ದಿನಕ್ಕೆ 200 ಮಿಲಿಗ್ರಾಂ ಕೆಫೀನ್ ದಾಟದಿರುವುದು ಒಳ್ಳೆಯದೆಂಬ ಸಲಹೆ ಹೇಗೂ ಇದೆ.

ಗಮ್ ವಿಷಯದಲ್ಲಿ ವೈದ್ಯಲೋಕ ಒಮ್ಮತಕ್ಕೆ ಬಂದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಬಸುರಿಯರಿಗಾಗಿ ಕೊಟ್ಟ ಮಾರ್ಗದರ್ಶನದಲ್ಲಿ ಆಪ್ತಸಮಾಲೋಚನೆಯನ್ನು ಒತ್ತಿ ಹೇಳಿ, ಗಮ್ ಮತ್ತು ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್ ಬಗ್ಗೆ ತೀರ್ಪು ಕೊಡದೆ ಬಿಟ್ಟಿತು. ಬ್ರಿಟನ್ನಿನಲ್ಲಿ ಅವನ್ನು ಬಸುರಿಯರಿಗೂ ಕೊಡುತ್ತಾರೆ. ಮಾತಿನ ನೆರವಿನಿಂದ ಆಗದಿದ್ದಾಗ, ಸೇದುವುದಕ್ಕಿಂತ ಗಮ್ ಮೇಲು ಎಂಬುದು ನನ್ನ ಜೊತೆ ಕೆಲಸ ಮಾಡುವ ವೈದ್ಯರ ನಿಲುವು, ಏಕೆಂದರೆ ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಇಲ್ಲ, ಟಾರ್ ಇಲ್ಲ. ಔಷಧಿ ಅಂಗಡಿಯವರು ಚೀಟಿ ಕೇಳದೆ ಕೊಟ್ಟರೂ ನೀವು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬೇಡಿ. ಚೂಯಿಂಗ್ ಗಮ್ಮಿನಂತೆ ಸತತವಾಗಿ ಅಗಿದರೆ ನಿಕೋಟಿನ್ ಹೊಟ್ಟೆಗೆ ಹೋಗಿ ಬಿಕ್ಕಳಿಕೆ, ಎದೆಯುರಿ ತರುತ್ತದೆ. ನಾಲ್ಕಾರು ಸಲ ಅಗಿದು, ಚುರುಕು ಎನಿಸಿದಾಗ ಕೆನ್ನೆಯ ಒಳಗೆ ಸರಿಸಿಟ್ಟು, ಚುರುಕು ಇಳಿದ ಮೇಲೆ ಮತ್ತೆ ಅಗಿಯಬೇಕು. ಅದಕ್ಕೆ ಕಾಲು ಗಂಟೆ ಮೊದಲಿನಿಂದ ಕಾಫಿಯಾಗಲಿ ಹಣ್ಣಿನ ರಸವಾಗಲಿ ಕುಡಿಯಬಾರದು, ಬಾಯಿಯ ಹುಳಿ ನಿಕೋಟಿನ್ ಹೀರಿಕೊಳ್ಳುವುದನ್ನು ತಡೆಯುತ್ತದೆ. ಬುಪ್ರೊಪಿಯಾನ್, ವರೆನಿಕ್ಲಿನ್ ಎಂಬ ಮಾತ್ರೆಗಳನ್ನು ಬಸುರಿನಲ್ಲಿ ಸಾಮಾನ್ಯವಾಗಿ ಕೊಡುವುದಿಲ್ಲ.

ಮನೆಯಿಂದಲೇ ಮಾತಾಡಲು ತಂಬಾಕು ಬಿಡಿಸುವ ಸಹಾಯವಾಣಿ 1800-11-2356 ಇದೆ. ಸಿಗರೇಟು ಪ್ಯಾಕಿನ ಮೇಲೆ 2018ರಿಂದ ಅಚ್ಚಾಗುತ್ತಿರುವ ಸಂಖ್ಯೆಯೇ ಇದು, ಕರೆ ಉಚಿತ. ದೆಹಲಿಯಲ್ಲಿ 2016ರಲ್ಲಿ ಆರಂಭವಾದ ಈ ಸೇವೆಗೆ ಈಗ ಬೆಂಗಳೂರಿನ ನಿಮ್ಹಾನ್ಸ್ ಕೂಡ ಒಂದು ಕೇಂದ್ರವಾಗಿದೆ, ಕನ್ನಡದಲ್ಲೇ ಮಾತಾಡಬಹುದು. ಒಂದೇ ಕರೆಗೆ ಮುಗಿಸದೆ, ನೀವು ಒಪ್ಪಿದರೆ ಬಿಡುವ ದಿನ ಗೊತ್ತುಮಾಡಿ ಅವರೇ ಮತ್ತೆ ಕರೆ ಮಾಡಿ ವಿಚಾರಿಸುತ್ತಾರೆ.

ವೈದ್ಯರಿಗೆ ಹೇಳಲು ಮುಂದಿನ ಸಲ ತೂಕ ಮತ್ತು ರಕ್ತದೊತ್ತಡ ನೋಡುವ ನರ್ಸ್ ಹತ್ತಿರ, ಡಾಕ್ಟರ ಜೊತೆ ಎರಡು ನಿಮಿಷ ಒಬ್ಬಳೇ ಮಾತಾಡಬೇಕು ಎಂದಷ್ಟೇ ಹೇಳಿ. ಅದು ಬಸುರಿಯರು ದಿನಾ ಕೇಳುವ ಮಾತು, ಯಾರೂ ಹುಬ್ಬೇರಿಸುವುದಿಲ್ಲ.

ಕಲ್ಲತ್ತಿಗಿರಿ

ಇಷ್ಟೊಂದು ಶಾಸ್ತ್ರ ಬೇಕಾಗಿಲ್ಲವೆಂದು ನನಗೆ ತೋರುತ್ತದೆ. ನನ್ನ ತಂದೆಯವರು ಮೂವತ್ತು ವರ್ಷ ಬೀಡಿ ಸೇದಿದವರು, ಒಂದು ದಿನ ಕಟ್ಟನ್ನು ಒಲೆಗೆ ಹಾಕಿದರು, ಅಲ್ಲಿಗೆ ಮುಗಿಯಿತು. ಮಗುವಿನ ಮೇಲಿನ ಮಮತೆಯಿದ್ದರೆ ತಾಯಿಯಾದವಳಿಗೆ ಇದು ಕಷ್ಟವಾಗಬಾರದು.

ಸಕಲೇಶಪುರದವಳು

ಕಲ್ಲತ್ತಿಗಿರಿಯವರೇ, ನಿಮ್ಮ ತಂದೆಯವರು ಕಟ್ಟನ್ನು ಒಲೆಗೆ ಹಾಕಿದಾಗ ಮನೆಯವರೆಲ್ಲ ಮೆಚ್ಚಿಕೊಂಡಿರಬೇಕು. ಹೆಂಗಸಿಗೆ ಆ ಭಾಗ್ಯವೂ ಇಲ್ಲ. ಸೇದಿದ್ದನ್ನು ಮುಚ್ಚಿಟ್ಟಂತೆ ಬಿಟ್ಟಿದ್ದನ್ನೂ ಮುಚ್ಚಿಡಬೇಕು. ಮಮತೆಯಿಂದಲೇ ನಾನು ಬಿಟ್ಟಿದ್ದೆ, ಮಮತೆಯಿದ್ದಾಗಲೇ ಮತ್ತೆ ಹಿಡಿದೆ. ಅದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಪ್ರಶ್ನೆ ಕೇಳಿದವರಿಗೆ ಉಪಯೋಗವಾಗಬಹುದು.

ನನಗೆ ಬಿಡುವುದು ಸುಲಭವಾಗಿತ್ತು. ಎರಡನೆಯ ತಿಂಗಳಿಂದ ಹೊಗೆಯ ವಾಸನೆಗೇ ವಾಂತಿ ಬರುತ್ತಿದ್ದುದರಿಂದ ಏಳು ತಿಂಗಳು ಮುಟ್ಟಲಿಲ್ಲ. ತವರಿನಲ್ಲಿ ಬಾಣಂತನದ ಮೂರು ತಿಂಗಳೂ ಎಣ್ಣೆನೀರು, ಸಾಂಬ್ರಾಣಿ, ಕಾವಲು ಕಾದಂತೆ ಪಕ್ಕದಲ್ಲೇ ಮಲಗುವ ಅಮ್ಮ. ಸೇದುವ ಅವಕಾಶವೇ ಇರಲಿಲ್ಲ. ನಾನು ಅದನ್ನು ಗೆಲುವು ಎಂದುಕೊಂಡೆ. ಜುಲೈ ತಿಂಗಳಲ್ಲಿ ಗಂಡನ ಮನೆಗೆ ಬಂದೆ. ಜಡಿಮಳೆ, ಒಣಗದ ಬಟ್ಟೆ, ರಾತ್ರಿ ಮೂರು ಗಂಟೆಗೆ ಏಳುವ ಮಗು, ಕಿಟಕಿಯ ಕಟ್ಟೆಯ ಮೇಲೆ ಅವರ ಪ್ಯಾಕು. ಒಂದು ರಾತ್ರಿ ಮಗುವನ್ನು ಮಲಗಿಸಿ ಹಿಂದಿನ ಮಾಡಿನ ಕೆಳಗೆ ನಿಂತು ಒಂದು ಹಚ್ಚಿದೆ. ಹೊಟ್ಟೆಯಲ್ಲಂತೂ ಮಗು ಇಲ್ಲವಲ್ಲ ಎಂದುಕೊಂಡದ್ದು ಇನ್ನೂ ನೆನಪಿದೆ. ಹದಿನೈದು ದಿನಕ್ಕೆ ಆರಾಯಿತು.

ಆಮೇಲೆ ಮಾಡಿದ ತಪ್ಪು ಇನ್ನೂ ದೊಡ್ಡದು. ಹಾಲಿನಲ್ಲಿ ವಿಷ ಹೋಗುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ಎದೆಹಾಲನ್ನೇ ನಿಲ್ಲಿಸಿದೆ. ನಿಕೋಟಿನ್ ಹಾಲಿಗೆ ಹೋಗುವುದು ನಿಜ, ಹಾಲು ಕಡಿಮೆಯಾಗುವುದೂ ನಿಜ, ಆದರೆ ಸೇದುವ ತಾಯಿಯ ಹಾಲೂ ಡಬ್ಬಿಯ ಪುಡಿಗಿಂತ ಮೇಲು, ಹಾಲು ನಿಲ್ಲಿಸದೆ ಸಿಗರೇಟು ನಿಲ್ಲಿಸಬೇಕು ಎಂದು ನನಗೆ ಹೇಳಿದ್ದು ಮಗುವಿನ ಎಂಟನೆಯ ತಿಂಗಳಲ್ಲಿ ಭೇಟಿಯಾದ ಮಕ್ಕಳ ವೈದ್ಯೆ. ಅಷ್ಟರಲ್ಲಿ ಹಾಲು ಬತ್ತಿತ್ತು.

ಅದೇ ವೈದ್ಯೆ ಹತ್ತು ಪ್ರಶ್ನೆಗಳ ಒಂದು ಹಾಳೆ ಕೊಟ್ಟು ತುಂಬಿಸಲು ಹೇಳಿದರು. ಹೆರಿಗೆಯ ನಂತರದ ಖಿನ್ನತೆಯನ್ನು ಗುರುತಿಸುವ ಹಾಳೆ ಅದು. ತಿಂಗಳುಗಟ್ಟಲೆ ನಾನು ದಣಿವು ಎಂದುಕೊಂಡಿದ್ದು ಬರೀ ದಣಿವಾಗಿರಲಿಲ್ಲ. ಅದಕ್ಕೆ ಚಿಕಿತ್ಸೆಯಾದ ಮೇಲೆ, ಸಿಗರೇಟು ಎರಡನೆಯ ಸಲ ಬಿಟ್ಟಿತು. ಈ ಸಲ ಇವರೂ ಬಿಟ್ಟರು, ಅದಿಲ್ಲದೆ ನನ್ನಿಂದ ಆಗುತ್ತಿರಲಿಲ್ಲವೆಂದು ಖಂಡಿತವಾಗಿ ಹೇಳಬಲ್ಲೆ.

ಕಾಫಿಹೂವು ಅವರೇ, ಅತ್ತೆಗೆ ಹೇಳಿ ಎಂದು ನಾನು ಹೇಳುವುದಿಲ್ಲ. ಹೇಳಿದರೆ ಕೆಲವು ಮನೆಗಳಲ್ಲಿ ಬೆಂಬಲಕ್ಕಿಂತ ಪಹರೆಯೇ ಹೆಚ್ಚಾಗುತ್ತದೆ, ಪಹರೆ ಇರುವಲ್ಲಿ ಕದ್ದು ಸೇದುವ ಚಾತುರ್ಯವೂ ಬೆಳೆಯುತ್ತದೆ. ಆದರೆ ಗಂಡನಲ್ಲದೆ ಇನ್ನೊಬ್ಬರಿಗೆ, ರಾತ್ರಿ ಮೂರಕ್ಕೂ ಮೆಸೇಜ್ ಕಳಿಸಬಹುದಾದ ಒಬ್ಬರಿಗೆ, ಹೆರಿಗೆಗೆ ಮೊದಲೇ ಹೇಳಿಟ್ಟುಕೊಳ್ಳಿ.

ಅರಕಲಗೂಡು ಕಡೆಯವರು

ನಾನು ಆರೋಗ್ಯ ಇಲಾಖೆಯ ಕ್ಷೇತ್ರ ಕೆಲಸದಲ್ಲಿದ್ದೇನೆ. ಕಡ್ಡಿಪುಡಿಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಲೈನ್ ಮನೆಯ ಆ ಹಿರಿಯಾಕೆ ಕೆಟ್ಟ ಮನಸ್ಸಿನಿಂದ ಹೇಳಿರಲಾರರು. ಕಾಫಿ ಹಣ್ಣು ಕೊಯ್ಯುವ ದಿನಗಳಲ್ಲಿ ಹಸಿವು ತಡೆಯಲು, ಹಲ್ಲುನೋವಿಗೆ, ಬಸುರಿನ ಹೊಟ್ಟೆ ತೊಳಸುವಿಕೆಗೆ, ಎಲ್ಲಕ್ಕೂ ಸೊಂಟದ ಸಂಚಿಯೇ ಮದ್ದು. ಮಳೆಗಾಲದಲ್ಲಿ ಕಾಲಿಗೆ ಹತ್ತಿದ ಇಂಬಳ ಬಿಡಿಸಲು ಕೂಡ ಅದೇ ಹೊಗೆಸೊಪ್ಪು. ಎಲೆಯಡಿಕೆಗೆ ಮರ್ಯಾದೆಯಿದೆ, ಬಾಣಂತಿಗೆ ನಾವೇ ಮಡಿಸಿ ಕೊಡುತ್ತೇವೆ, ಅದರೊಳಗೆ ಸೇರಿಕೊಂಡ ಕಡ್ಡಿಪುಡಿಯನ್ನು ಯಾರೂ ದುಶ್ಚಟವೆಂದು ಎಣಿಸುವುದಿಲ್ಲ. 2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯಲ್ಲಿ ಸೇದುವ ಹೆಂಗಸರು ನೂರಕ್ಕೆ 2ರಷ್ಟಿದ್ದರೆ, ಹೊಗೆರಹಿತ ತಂಬಾಕು ಬಳಸುವವರು 12.8ರಷ್ಟಿದ್ದರು, ಕರ್ನಾಟಕದಲ್ಲಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುವ ಹೆಂಗಸರು 10.3ರಷ್ಟು. ತಂಬಾಕು ಬಿಡಿಸುವ ಮಾತೆಂದರೆ ಸಿಗರೇಟಿನ ಚಿತ್ರವನ್ನೇ ತೋರಿಸುವ ನಮ್ಮ ಪೋಸ್ಟರುಗಳು ಈ ಹೆಂಗಸರನ್ನು ಮಾತಾಡಿಸುವುದೇ ಇಲ್ಲ ಎಂಬುದು ನನ್ನ ಹಳೆಯ ತಕರಾರು.

ಕಡ್ಡಿಪುಡಿ ಸಿಗರೇಟಿಗಿಂತ ವಾಸಿಯಲ್ಲ. ಹೊಗೆಯಿಲ್ಲದಿದ್ದರೂ ನಿಕೋಟಿನ್ ಬಾಯಿಯಿಂದ ರಕ್ತಕ್ಕೆ, ರಕ್ತದಿಂದ ಮಗುವಿಗೆ ಹೋಗಿಯೇ ಹೋಗುತ್ತದೆ. ಜಗಿಯುವ ತಾಯಂದಿರಲ್ಲೂ ಕಡಿಮೆ ತೂಕದ ಮಕ್ಕಳು, ಸತ್ತು ಹುಟ್ಟುವ ಮಕ್ಕಳು ಹೆಚ್ಚು. ಬಾಯಿಯ ಕ್ಯಾನ್ಸರ್ ವಿಷಯ ಬೇರೆ ಹೇಳಬೇಕಾಗಿಲ್ಲ. ಅಡಿಕೆಯೂ ತಂಬಾಕಿಲ್ಲದೆಯೇ ಕ್ಯಾನ್ಸರ್‌ಕಾರಕ ಎಂಬುದನ್ನು ಅಡಿಕೆ ಬೆಳೆಯುವ ಸೀಮೆಯಲ್ಲಿ ಹೇಳುವುದು ಕಷ್ಟ, ಆದರೂ ಹೇಳುತ್ತೇನೆ. ಗೆಳತಿಯರು ಇ-ಸಿಗರೇಟು ಸೂಚಿಸಿದರೂ ಬೇಡವೆನ್ನಿ. ಅದರಲ್ಲೂ ಇರುವುದು ನಿಕೋಟಿನ್ನೇ, ಮಾರುವುದನ್ನು ಸರ್ಕಾರ 2019ರಲ್ಲೇ ನಿಷೇಧಿಸಿದೆ.

ನಮ್ಮ ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯೇ ಇರುವುದರಿಂದ ಇನ್ನೊಂದು ಮಾತು ಸೇರಿಸಬೇಕು. ಎಂದೂ ಸೇದದ, ಜಗಿಯದ ಬಸುರಿಯರೂ ಹಸಿ ತಂಬಾಕಿನ ಎಲೆ ಮುರಿಯುವಾಗ, ಅದರಲ್ಲೂ ಇಬ್ಬನಿಯಲ್ಲಿ ಎಲೆ ಒದ್ದೆಯಾಗಿರುವಾಗ, ಚರ್ಮದ ಮೂಲಕ ನಿಕೋಟಿನ್ ಹೀರಿಕೊಳ್ಳುತ್ತಾರೆ. ತಲೆಸುತ್ತು, ವಾಕರಿಕೆ, ವಾಂತಿ ಬರುತ್ತವೆ, ಬಸುರಿನ ವಾಂತಿಯೆಂದು ಎಲ್ಲರೂ ಸುಮ್ಮನಾಗುತ್ತಾರೆ. ಈ ಕಡೆಯವರು ಯಾರಾದರೂ ಓದುತ್ತಿದ್ದರೆ, ಮನೆಯ ಬಸುರಿಯನ್ನು ಎಲೆ ಮುರಿಯಲು, ಎಲೆ ಹದಮಾಡುವ ಬ್ಯಾರನ್ನಿಗೆ ಎಲೆ ಕಟ್ಟಲು ಕಳಿಸಬೇಡಿ.

ಕಾಫಿಹೂವು, ಮೂಡಿಗೆರೆ ತಾಲ್ಲೂಕು

ಎಲ್ಲರ ಉತ್ತರಗಳನ್ನೂ ಎರಡೆರಡು ಸಲ ಓದಿದೆ. ಒಂಬತ್ತು ದಿನಗಳಾದವು. ಮೂರನೆಯ ದಿನ ಅಡುಗೆಮನೆಯಲ್ಲಿ ಕಾರಣವಿಲ್ಲದೆ ಅತ್ತುಬಿಟ್ಟೆ, ಬಸುರಿಯ ಬಯಕೆ ತೀರಿಲ್ಲವೆಂದು ಅತ್ತೆ ಹೋಳಿಗೆ ಮಾಡಿದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸಹಾಯವಾಣಿಗೆ ಕರೆ ಮಾಡಿದ್ದೇನೆ. ಗುಟ್ಟನ್ನು ಹೇಳಿದ್ದು ನನ್ನ ಓರಗಿತ್ತಿಗೆ. ಅವರು ಬೈಯಲಿಲ್ಲ, ರಾತ್ರಿ ಕಣದ ಕಡೆ ಜೊತೆಗೆ ಬರತೊಡಗಿದ್ದಾರೆ. ಯಜಮಾನರು ಇನ್ನೂ ಬಿಟ್ಟಿಲ್ಲ, ಮನೆಯೊಳಗೆ ಸೇದುವುದನ್ನು ಮಾತ್ರ ನಿಲ್ಲಿಸಿದ್ದಾರೆ. ಮಗು ಬಂದ ಮೇಲೆ ಅವರು ಹೊರಗೆ ಸೇದಿ ಬಂದರೆ ಸಾಕೇ? ಹೆರಿಗೆಯ ನಂತರ ಅಕಸ್ಮಾತ್ ನಾನು ಒಂದು ಸೇದಿಬಿಟ್ಟರೆ ಹಾಲು ಕೊಡುವುದು ಹೇಗೆ?

ಆಪ್ತಸಮಾಲೋಚಕಿ, ಹಾಸನ

ಒಂಬತ್ತು ದಿನವೆಂದರೆ ಅತ್ಯಂತ ಕಡಿದಾದ ಭಾಗ ಮುಗಿದಿದೆ.

ಹೊರಗೆ ಸೇದುವುದು ಒಳಗೆ ಸೇದುವುದಕ್ಕಿಂತ ಮೇಲು, ಆದರೆ ಹೊಗೆಯ ಅಂಶ ಬಟ್ಟೆ, ಕೂದಲು, ಬೆರಳುಗಳಲ್ಲಿ ಒಳಗೆ ಬರುತ್ತದೆ. ಅಂಗಿ ಬದಲಿಸಿ, ಕೈ ಬಾಯಿ ತೊಳೆದು ಮಗುವನ್ನು ಎತ್ತಿಕೊಳ್ಳಬೇಕು. ತಂದೆ ತಾಯಿಯರಲ್ಲಿ ಯಾರೇ ಸೇದುವವರಿದ್ದರೂ ಮಗುವನ್ನು ತಮ್ಮ ಹಾಸಿಗೆಯಲ್ಲೇ ಮಲಗಿಸಿಕೊಳ್ಳಬಾರದು. ನಿದ್ದೆಯಲ್ಲಿ ಹಸುಗೂಸು ಹಠಾತ್ತನೆ ತೀರಿಕೊಳ್ಳುವ ಅಪಾಯ ಅಂಥ ಮನೆಗಳಲ್ಲಿ ಹೆಚ್ಚು. ನಿಮ್ಮ ಮಂಚದ ಪಕ್ಕದಲ್ಲೇ ತೊಟ್ಟಿಲು ಇರಲಿ, ಮಗುವನ್ನು ಅಂಗಾತ ಮಲಗಿಸಿ. ಸ್ನಾನದ ನಂತರದ ಸಾಂಬ್ರಾಣಿ ಹೊಗೆಯನ್ನೂ ಮಗುವಿನ ಮುಖಕ್ಕೆ ಹಿಡಿಯುವುದು ಬೇಡವೆಂದು ಹಿರಿಯರಿಗೆ ಮೆಲ್ಲಗೆ ಹೇಳಿ.

ಹಾಲಿನಲ್ಲಿ ನಿಕೋಟಿನ್ ಸುಮಾರು ಎರಡು ಗಂಟೆಗೆ ಅರ್ಧಕ್ಕಿಳಿಯುತ್ತದೆ. ಆದ್ದರಿಂದ ಎಡವಿ ಒಂದು ಸೇದಿದರೂ ಅದು ಹಾಲು ಕುಡಿಸಿದ ಕೂಡಲೇ ಆಗಲಿ, ಕುಡಿಸುವ ಮೊದಲು ಬೇಡ. ಗಮ್ ಅಗಿಯುವುದಿದ್ದರೂ ಇದೇ ಕ್ರಮ. ಹಾಲು ನಿಲ್ಲಿಸಬೇಡಿ. ಒಂದನ್ನು ಸೇದಿದ್ದೀರಿ ಎಂದರೆ ಒಂದನ್ನು ಸೇದಿದ್ದೀರಿ ಅಷ್ಟೆ, ಮರುದಿನ ಬೆಳಿಗ್ಗೆ ಓರಗಿತ್ತಿಗೆ ಹೇಳಿಬಿಡಿ. ಬಸುರಿನಲ್ಲಿ ಬಿಟ್ಟವರಲ್ಲಿ ಅರ್ಧದಷ್ಟು ಮಂದಿ, ಕೆಲವು ಲೆಕ್ಕಗಳಲ್ಲಿ ಅದಕ್ಕೂ ಹೆಚ್ಚು ಮಂದಿ, ವರ್ಷದೊಳಗೆ ಮತ್ತೆ ಆರಂಭಿಸುತ್ತಾರೆ. ಅದಕ್ಕೆ ನಿದ್ದೆಗೆಟ್ಟ ರಾತ್ರಿಗಳು, ಮನೆಯಲ್ಲಿ ಸೇದುವ ಗಂಡ, ಇಳಿಯದ ಮೈತೂಕದ ಚಿಂತೆ, ಗುರುತಿಸದ ಖಿನ್ನತೆ ಇವೇ ಸಾಮಾನ್ಯ ಕಾರಣಗಳು. ಎರಡು ವಾರ ಮೀರಿ ಮನಸ್ಸು ಕುಗ್ಗಿದ್ದರೆ, ಅಳು ತಡೆಯದಿದ್ದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಅಥವಾ ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಿ.

ತವರಿನಿಂದ ಅತ್ತೆಮನೆಗೆ ಮರಳುವ ದಿನ ಯಾವುದೆಂದು ಗೊತ್ತಾದಾಗ ಇಲ್ಲಿ ಒಂದು ಸಾಲು ಬರೆಯಿರಿ. ಅದಕ್ಕೆ ಒಂದು ವಾರ ಮೊದಲೇ ನಿಮ್ಮ ಯಜಮಾನರನ್ನು ಹಾಸನಕ್ಕಾದರೂ ಚಿಕ್ಕಮಗಳೂರಿಗಾದರೂ ತಂಬಾಕು ಬಿಡಿಸುವ ಕೇಂದ್ರಕ್ಕೆ ಕಳಿಸಬೇಕು. ಅವರಿಗೆ ಪ್ಯಾಚ್ ಕೊಡಲು ಯಾವ ಅಡ್ಡಿಯೂ ಇಲ್ಲ.